ಮಗಳ ಕೀಬೋರ್ಡು ಸಲ್ಲಿಸಿದ ಸಾರ್ವಜನಿಕ ಸೇವೆ

ವಿಳಾಸ ತಿದ್ದುಪಡಿ ಕಚೇರಿಯ ಬಗ್ಗೆ ಸಾರ್ವಜನಿಕರಿಂದ ಈಗ ಯಾವ ದೂರೂ ಬರುತ್ತಿಲ್ಲವೆಂದು ತಿಳಿಸಲು ಹರ್ಷವಾಗುತ್ತದೆ. ಈ ಸಾಧನೆಯ ಕೀರ್ತಿ ಎರಡನೇ ಕೌಂಟರಿನ ಗುಮಾಸ್ತರಿಗೂ, ಅವರು ಮಗಳ ಹುಟ್ಟುಹಬ್ಬಕ್ಕೆಂದು ಕೊಂಡ ಕೀಬೋರ್ಡಿಗೂ ಸಮನಾಗಿ ಸಲ್ಲತಕ್ಕದ್ದು.

ಮಗಳಿಗೆ ಹದಿನಾಲ್ಕು ತುಂಬುವುದರಲ್ಲಿತ್ತು. ಆ ವಯಸ್ಸಿನವರಿಗೆ ಉಡುಗೊರೆ ಆರಿಸುವುದು ಹುಡುಗಾಟವಲ್ಲ. ಚಿಕ್ಕವರಿಗೆ ಗೊಂಬೆ ಕೊಟ್ಟರೆ ನಡೆಯುತ್ತದೆ, ದೊಡ್ಡವರಿಗೆ ಗೋಡೆ ಗಡಿಯಾರ ಕೊಟ್ಟರೂ ನಡೆಯುತ್ತದೆ. ನಡುವಿನ ಈ ಮಂದಿಗೆ ಮಾತ್ರ ತಾವು ಕೇಳಿದ್ದೇ ಬೇಕು. ಹೋದ ವರ್ಷ ಅವಳು ಸೈಕಲ್ ಕೇಳಿದ್ದಳು. ಗುಮಾಸ್ತರು ಗಾಳಿ ಹೊಡೆಯುವ ಪಂಪು ತಂದುಕೊಟ್ಟು, "ಇದು ಮೊದಲನೇ ಹಂತ" ಎಂದಿದ್ದರು. ಎರಡನೇ ಹಂತ ಇನ್ನೂ ಪರಿಶೀಲನೆಯಲ್ಲಿತ್ತು. ಬಾಗಿಲ ಹಿಂದೆ ನಿಂತ ಪಂಪನ್ನು ಕಂಡು ಮನೆಗೆ ಬಂದವರೆಲ್ಲ "ಸೈಕಲ್ ಎಲ್ಲಿ?" ಎಂದು ಕೇಳುವರು. ಮಗಳು ಅಪ್ಪನ ಮುಖ ನೋಡುವಳು.

"ಅಪ್ಪಾ, ಈ ಸಲ ಮೆಕ್ಯಾನಿಕಲ್ ಕೀಬೋರ್ಡು, ಜೊತೆಗೊಂದು ಮೌಸು. ಹಂತಗಿಂತ ಏನೂ ಬೇಡ."

"ಮನೇಲಿ ಇದೆಯಲ್ಲೇ ಒಂದು?"

"ಅದರಲ್ಲಿ ಒಂದು ಗುಂಡಿ ಒತ್ತಿದ್ರೆ ಮೂರು ಕೆಳಗೆ ಹೋಗ್ತವೆ. ಕೆಂಪು ಸ್ವಿಚ್ಚಿಂದೇ ತಗೊಂಡು ಬಾ, ಮೆತ್ತಗಿರುತ್ತೆ. ನೀಲಿದು ಬೇಡವೇ ಬೇಡ. ಕಟಕಟ ಅನ್ನುತ್ತೆ. ಅಮ್ಮ ರಾತ್ರಿ ಪಾಳಿ ಮುಗಿಸಿ ಬಂದು ಮಲಗಿರ್ತಾಳೆ, ಎದ್ದುಬಿಡ್ತಾಳೆ."

"ಆಯ್ತು ಮಾರಾಯ್ತಿ. ಈ ಸಲ ಮಾತು ತಪ್ಪಿದ್ರೆ ನನ್ನ ಕಿವಿ ಹಿಂಡು."

ಅವಳು ಕೈ ಚಾಚಿದಳು. ಗುಮಾಸ್ತರು ಅದರ ಮೇಲೆ ಕೈಯಿಟ್ಟು ಮಾತು ಕೊಟ್ಟರು. ಈ ಸಲ ಅವರು ನಿಜವಾಗಿಯೂ ತರುವವರಿದ್ದರು, ಅದರಲ್ಲಿ ಸಂಶಯ ಬೇಡ.

ಅಂಗಡಿಯವನು ಕೆಂಪು ಸ್ವಿಚ್ಚಿನದನ್ನೂ ನೀಲಿಯದನ್ನೂ ಅಕ್ಕಪಕ್ಕ ಇಟ್ಟ. ಗುಮಾಸ್ತರು ಕೆಂಪು ಸ್ವಿಚ್ಚಿನದನ್ನು ಒತ್ತಿದರು. ಏನೂ ಅನ್ನಿಸಲಿಲ್ಲ. ನೀಲಿಯದನ್ನು ಒತ್ತಿದರು. ಟಕ್! ಟೈಪ್‌ರೈಟರ್ ಕಾಲದಲ್ಲಿ ಕೆಲಸಕ್ಕೆ ಸೇರಿದ ಆ ಮೈ ಜುಮ್ಮೆಂದಿತು.

"ಇದನ್ನೇ ಕೊಡಿ."

"ಮಗಳು ಕೆಂಪು ಅಂದಿದ್ದಾಳೆ ಅಂದ್ರಲ್ಲ ಸಾರ್?"

"ಮಕ್ಕಳಿಗೇನ್ರೀ ಗೊತ್ತಾಗುತ್ತೆ? ಸದ್ದೇ ಬರದಿದ್ರೆ ಕೊಟ್ಟ ದುಡ್ಡು ಎಲ್ಲಿ ಹೋಯ್ತು ಅಂತ ತಿಳಿಯೋದು ಹೇಗೆ?" ಆಮೇಲೆ ಮೌಸನ್ನು ಎತ್ತಿ ನೋಡಿದರು. ಬೆನ್ನ ತುಂಬ ತೂತು. "ಇದಕ್ಕೇನು ಹುಳ ಹಿಡಿದಿದೆಯಾ?"

"ಹಗುರ ಆಗ್ಲಿ ಅಂತ ತೂತು ಸಾರ್."

"ತೂತಿಗೂ ದುಡ್ಡು ತಗೋತೀರಾ?"

"ತೂತಿಗೇ ಜಾಸ್ತಿ ಸಾರ್. ಮನೇಲಿ ಒಪ್ಪಿಗೆಯಾಗದಿದ್ರೆ ವಾರದೊಳಗೆ ತನ್ನಿ, ಬದಲಾಯಿಸಿ ಕೊಡ್ತೀನಿ."

ಎರಡನ್ನೂ ಕೊಂಡ ಗುಮಾಸ್ತರು ಅಲ್ಲಿಂದ ನೆಟ್ಟಗೆ ಮನೆಗೆ ಹೋಗಿದ್ದರೆ ದೇಶಕ್ಕೆ ತುಂಬಲಾರದ ನಷ್ಟವಾಗುತ್ತಿತ್ತು. ಆದರೆ ವಿಳಾಸ ತಿದ್ದುಪಡಿ ಕಚೇರಿಯಲ್ಲಿ ಒಂದು ಪದ್ಧತಿಯುಂಟು. ನೌಕರರು ಏನೇ ಕೊಂಡರೂ, ಅದು ಅಳಿಯನ ಶೂ ಆಗಿರಲಿ, ಹೆಂಡತಿಯ ಕನ್ನಡಕವಾಗಿರಲಿ, ಮೊದಲು ಕಚೇರಿಗೆ ತರಬೇಕು. ಎಲ್ಲರೂ ಒಮ್ಮೆ ಹಾಕಿ, ಒತ್ತಿ, ಎಳೆದು ನೋಡಿ, "ಮೋಸ ಹೋದ್ರಿ" ಎಂದು ಹೇಳಿದ ಮೇಲಷ್ಟೇ ಅದು ಮನೆಗೆ ಹೋಗತಕ್ಕದ್ದು.

ಅದರಂತೆ ಮರುದಿನ ಪೆಟ್ಟಿಗೆ ಬಿಚ್ಚಿದರು. ಉಗ್ರಾಣದ ಮೇಡಂ ಮೊದಲು ಒತ್ತಿದರು. ಆಮೇಲೆ ಬೇರೆಯವರು ಮುಗಿಬಿದ್ದರು. ಟಕಟಕ, ಟಕಾಟಕ್! ಹೊರಗೆ ಸಾಲಿನಲ್ಲಿದ್ದವರು ಎಂದಿನಂತೆ ಗಲಾಟೆ ಮಾಡುತ್ತಿದ್ದರು. ಒಮ್ಮೆಗೇ ಎಲ್ಲ ಸ್ತಬ್ಧ. ಆ ಸಾಲಿನಲ್ಲಿ ಒಬ್ಬ ಅಜ್ಜಿ ಇದ್ದರು. ಅವರ ವಿಳಾಸ ತಿದ್ದುವಷ್ಟರಲ್ಲಿ ಅವರು ಮನೆ ಬದಲಾಯಿಸಿರುತ್ತಿದ್ದುದರಿಂದ ಮತ್ತೆ ಅರ್ಜಿ ಹಾಕಬೇಕಾಗುತ್ತಿತ್ತು. ಅವರೇ ಹಿಂದೆ ತಿರುಗಿ, "ಶ್! ಸುಮ್ನಿರ್ರಪ್ಪಾ, ಕೆಲಸ ಶುರುವಾಯ್ತು" ಎಂದರು.

ಸಾಹೇಬರು ಗಾಬರಿಯಿಂದ ಕೋಣೆಯಿಂದ ಹೊರಗೆ ಬಂದರು. "ಏನ್ರೀ ಇದು, ಯಾರೂ ನನ್ನ ಬೈತಾ ಇಲ್ಲ? ಜನ ಎಲ್ಲಾ ಆರೋಗ್ಯವಾಗಿದ್ದಾರೆ ತಾನೆ?"

ಕಾರಣ ಪರೀಕ್ಷಿಸಲಾಯಿತು. ಒತ್ತುವುದನ್ನು ನಿಲ್ಲಿಸಿದರೆ ಗಲಾಟೆ ಏಳುವುದು, ಒತ್ತಿದರೆ ಅಡಗುವುದು. ಕೀಬೋರ್ಡಿನ ವೈರು ಯಾವ ಕಂಪ್ಯೂಟರಿಗೂ ಸಿಕ್ಕಿಸಿರಲಿಲ್ಲ, ಮೇಜಿನಿಂದ ಕೆಳಗೆ ಜೋತಾಡುತ್ತಿತ್ತು. ಸಿಕ್ಕಿಸುವ ಅಗತ್ಯವೂ ಯಾರಿಗೂ ಕಾಣಲಿಲ್ಲ. ಮಧ್ಯಾಹ್ನದೊಳಗೆ ಗೋಡೆಯ ಮೇಲೆ ಪ್ರಕಟಣೆ ಬಂತು:

"ಕಚೇರಿಯ ವೇಳೆಯಲ್ಲಿ ಕೆಲಸದ ಸದ್ದು ಎಡೆಬಿಡದೆ ಕೇಳಿಬರತಕ್ಕದ್ದು. ಸದ್ದು ಕೇಳಿಸುತ್ತಿರುವಾಗ ಸಾರ್ವಜನಿಕರು ಪ್ರಶ್ನೆ ಕೇಳಿ ಕೆಲಸಕ್ಕೆ ಅಡ್ಡಿಪಡಿಸತಕ್ಕದ್ದಲ್ಲ. ಸದ್ದು ನಿಂತಲ್ಲಿ ಅದನ್ನು ಊಟದ ವಿರಾಮವೆಂದು ತಿಳಿಯತಕ್ಕದ್ದು."

ಗುಮಾಸ್ತರು ಕೈ ಹೊಸಕುತ್ತ ಸಾಹೇಬರ ಮುಂದೆ ನಿಂತರು. "ಸಾರ್, ಅದು ನನ್ನ ಮಗಳದ್ದು."

"ಬಹಳ ಸಂತೋಷ. ಮಗಳು ಯಾರವಳು?"

"ನನ್ನವಳು ಸಾರ್."

"ನೀವು ಯಾರವರು?"

"ಕಚೇರಿಯವನು ಸಾರ್."

"ಮತ್ತೆ ಇನ್ನೇನ್ರೀ?"

ಗುಮಾಸ್ತರು ಬಾಯಿ ತೆರೆಯುವಷ್ಟರಲ್ಲಿ ಸಾಹೇಬರು ಅವರನ್ನು ಸದ್ದು ನಿರ್ವಹಣಾಧಿಕಾರಿಯೆಂದು ನೇಮಿಸಿ, ತಿರುಗುವ ಕುರ್ಚಿಯೊಂದನ್ನು ಮಂಜೂರು ಮಾಡಿದ್ದರು. ಇಷ್ಟು ವರ್ಷ ಅವರು ಕೂತದ್ದು ಮೊಳೆ ಎದ್ದ ಮರದ ಕುರ್ಚಿಯ ಮೇಲೆ. ಮನೆಯಲ್ಲಿ ಪ್ಯಾಂಟುಗಳಿಗೆಲ್ಲ ಒಂದೇ ಜಾಗದಲ್ಲಿ ತೇಪೆ. ಹೊಸ ಕುರ್ಚಿಯಲ್ಲಿ ಕೂತಾಗ ಸೊಂಟಕ್ಕೆ ಎಂಥ ಹಿತವೆನ್ನಿಸಿತೆಂದರೆ, ಸತ್ಯ ಹೇಳಬೇಕು, ಸ್ವಲ್ಪ ಹೊತ್ತು ಅವರಿಗೆ ಮಗಳ ನೆನಪೇ ಬರಲಿಲ್ಲ.

ಮನೆಯಲ್ಲಿ ಮಗಳು ಕೇಳಿದಾಗಲೆಲ್ಲ "ಪರಿಶೀಲನೆಯಲ್ಲಿದೆ" ಎಂದರು. ಕೊನೆಗೆ ಒಂದು ಸಂಜೆ ಅವಳು ಶಾಲೆಯ ಚೀಲದ ಸಮೇತ ಕಚೇರಿಗೇ ಬಂದಳು. ಸಾಲಿನವರೆಲ್ಲ ಬಾಯಿಗೆ ಬೆರಳಿಟ್ಟು ಅವಳನ್ನು ಸುಮ್ಮನಿರಿಸಿದರು. ಒಳಗೆ ಅಪ್ಪ ಗಂಭೀರವಾಗಿ ಟಕಟಕ ಒತ್ತುತ್ತಿದ್ದರು.

"ಅಪ್ಪಾ, ಇದು ನೀಲಿದು."

"ಅದು... ಅಂಗಡಿಯವನು..."

"ಇರಲಿ. ಬದಲಾಯಿಸೋಕೆ ಇನ್ನೂ ಟೈಮಿದೆ ತಾನೆ? ಕೊಡು."

ಸಾಹೇಬರು ಬಂದು ಸಾರ್ವಜನಿಕ ಹಿತಾಸಕ್ತಿಯ ಬಗ್ಗೆ ವಿವರಿಸಿದರು. ಹುಡುಗಿ ಪೂರ್ತಿ ಕೇಳಿಸಿಕೊಂಡಳು. "ನಿಮಗೆ ಸದ್ದು ತಾನೆ ಬೇಕು ಅಂಕಲ್? ಫೋನಲ್ಲಿ ರೆಕಾರ್ಡ್ ಮಾಡ್ಕೊಂಡು ಸ್ಪೀಕರಲ್ಲಿ ಹಾಕಿ. ಯಾರೂ ಒತ್ತೋದೇ ಬೇಡ."

ಆ ಕೋಣೆಯಲ್ಲಿ ಇಂಥ ಮಾತು ಯಾರೂ ಆಡಿರಲಿಲ್ಲ. ಸಾಹೇಬರು ಅವಳ ಬೆನ್ನು ತಟ್ಟಿದರು. ರೆಕಾರ್ಡಾಯಿತು, ಸ್ಪೀಕರ್ ಬಂತು, ಸದ್ದು ಎರಡು ಪಟ್ಟಾಯಿತು. ಹೊರಗಿನ ಸಾಲು ಎರಡು ಪಟ್ಟು ಮೌನವಾಯಿತು. ಹುಡುಗಿ ಖುಷಿಯಿಂದ ಕೀಬೋರ್ಡಿನ ವೈರು ಸುತ್ತತೊಡಗಿದಳು.

"ಎಲ್ಲಿಗಮ್ಮಾ ಅದನ್ನ ತಗೊಂಡು ಹೋಗ್ತಿದೀಯ?" ಉಗ್ರಾಣದ ಮೇಡಂ ಬೀಗದ ಕೈ ಕುಲುಕಿಸುತ್ತ ಬಂದರು. "ಸ್ಪೀಕರಲ್ಲಿರೋದು ನಕಲು, ನಿನ್ನ ಕೈಲಿರೋದು ಮೂಲ. ನಾಳೆ ಯಾರಾದ್ರೂ ಬಂದು ಈ ಸದ್ದು ಅಸಲೀನಾ ಅಂತ ಕೇಳಿದ್ರೆ ನಾವೇನು ತೋರಿಸೋಣ? ನಕಲು ಇರೋ ತನಕ ಮೂಲ ಬೀರುವಲ್ಲೇ ಇರ್ಬೇಕು."

"ಮೌಸು?"

"ಅದು ಸಾಹೇಬರ ಮೇಜಿನ ಮೇಲಿದೆ. ಕಾಗದ ಹಾರದ ಹಾಗೆ ಇಟ್ಕೊಂಡಿದ್ದಾರೆ. ಹಗುರ ನೋಡು, ಅದೇ ಹಾರುತ್ತೆ ಅಂತ ಮೇಲೊಂದು ಕಲ್ಲು ಇಟ್ಟಿದ್ದಾರೆ."

ಹುಡುಗಿ ಅಪ್ಪನ ಕಡೆ ನೋಡಿದಳು. ಪಂಪನ್ನು ಯಾರಾದರೂ ತೋರಿಸಿದಾಗ ನೋಡುತ್ತಿದ್ದಳಲ್ಲ, ಅದೇ ನೋಟ. "ಅದು ನನ್ನ ಮಗಳಿಗೆ ಅಂತ ತಂದದ್ದು, ಕೊಡಿ" ಎಂಬ ಮಾತು ಗುಮಾಸ್ತರ ಗಂಟಲವರೆಗೆ ಬಂತು. ಅದನ್ನು ಹೇಳಲು ಎದ್ದು ನಿಲ್ಲಬೇಕಿತ್ತು. ಎದ್ದರೆ ಮೂರನೇ ಕೌಂಟರಿನವನು ಕುರ್ಚಿಯಲ್ಲಿ ಕೂತುಬಿಡುವ ಸಂಭವವಿತ್ತು. ಅವರಿಗೆ ನಾಚಿಕೆಯಾಯಿತು. ಕುರ್ಚಿ ತಿರುಗುವಂಥದ್ದಾದ್ದರಿಂದ ಗೋಡೆಯ ಕಡೆಗೆ ತಿರುಗಿದರು.

ಹುಟ್ಟುಹಬ್ಬದ ದಿನ ಮಗಳು ಮತ್ತೆ ಕಚೇರಿಗೆ ಬಂದಳು. ಈ ಸಲ ಒಳಗೆ ಬಿಡಲಿಲ್ಲ, ಕೌಂಟರಿನ ಕಿಂಡಿಯಲ್ಲೇ ಮಾತು. ಗುಮಾಸ್ತರು ಆಚೀಚೆ ನೋಡಿ, ಮಗಳೆಂಬ ಮಮತೆಯಿಂದ ಸಾಲು ತಪ್ಪಿಸಿ ಒಂದು ಟೋಕನ್ನು ಕೊಟ್ಟರು.

"ಇದು ಮೊದಲನೇ ಹಂತ ಪುಟ್ಟಾ."

ಅವಳು ಕಿವಿ ಹಿಂಡಲಿಲ್ಲ. ಕಿಂಡಿ ಅಷ್ಟು ದೊಡ್ಡದಾಗಿರಲಿಲ್ಲ. ಟೋಕನ್ ತೆಗೆದುಕೊಂಡು ಹೋಗಿ ಬೆಂಚಿನ ಮೇಲೆ ಅಜ್ಜಿಯ ಪಕ್ಕ ಕೂತಳು. ಒಳಗಿಂದ ಟಕಟಕ ಕೇಳಿಬರುತ್ತಿತ್ತು.

"ಕೇಳಮ್ಮಾ, ಪಾಪ, ಉಸಿರಾಡೋಕೂ ಪುರಸೊತ್ತಿಲ್ಲ ಅವರಿಗೆ" ಎಂದು ಅಜ್ಜಿ ಲೊಚಗುಟ್ಟಿದರು. "ನಿಂದೇನು ಕೆಲಸ ಇಲ್ಲಿ?"

"ನನ್ನ ಹುಟ್ಟುಹಬ್ಬ ಅಜ್ಜಿ."

"ಆಗುತ್ತೆ ಬಿಡು ಮಗಾ, ಸದ್ದು ಬರ್ತಾ ಇದೆಯಲ್ಲ."

ಮಗಳು ತಲೆಯಾಡಿಸಿ, ಅಜ್ಜಿಗೆ ಇನ್ನೂ ಸ್ವಲ್ಪ ಜಾಗ ಬಿಟ್ಟು, ತನ್ನ ಸರದಿಗೆ ಕಾಯುತ್ತ ಕೂತಳು.