ಚಷ್ಮಾ ಹಾಕಿಕೊಂಡ ರೊಟ್ಟಿ

“ನಾಳೆ ಈ ಡಬ್ಬಿ ಖಾಲಿ ಬರಲಿಲ್ಲಂದ್ರ ನನ್ನ ಹೆಸರು ರಾಮವ್ವನ ಅಲ್ಲ!”

ಬೆಟಗೇರಿಯ ನೇಕಾರರ ಓಣಿಯಲ್ಲಿ ರಾಮವ್ವ ಹೀಗೆ ಶಪಥ ಮಾಡಿದಾಗ ಅವಳ ಗಂಡ ಪುಂಡಲೀಕಪ್ಪನ ಮಗ್ಗವೂ ಒಂದು ಗಳಿಗೆ ಸದ್ದು ನಿಲ್ಲಿಸಿತು. ಶಪಥಕ್ಕೆ ಕಾರಣವಿತ್ತು. ಮೂರನೇ ಇಯತ್ತೆಯಲ್ಲಿದ್ದ ಮಗಳು ಗುರುಸಿದ್ದವ್ವ ಶಾಲೆಗೆ ಒಯ್ದ ಬುತ್ತಿಯನ್ನು ಒಯ್ದ ಹಾಗೆಯೇ ತಿರುಗಿ ತರುತ್ತಿದ್ದಳು. ಶಾಲೆಗೆ ಬಂದ ಡಾಕ್ಟರು ಅವಳ ರಟ್ಟೆ ಹಿಡಿದು, “ಇದು ಕೈಯೋ, ಊದಿನಕಡ್ಡಿಯೋ?” ಎಂದಿದ್ದರಂತೆ. ಸೊಪ್ಪು, ಮೊಳಕೆ ಕಾಳು, ಶೇಂಗಾ ತಿನ್ನಿಸಿರಿ ಎಂದು ಹೇಳಿ ಕಳಿಸಿದ್ದರು. ಊದಿನಕಡ್ಡಿಯ ಮಾತು ರಾಮವ್ವನ ಎದೆಯಲ್ಲಿ ಮುಳ್ಳಿನಂತೆ ಕೂತಿತ್ತು.

ಮರುದಿನ ಅವಳು ಜೋಳದ ಹಿಟ್ಟಿಗೆ ಮೆಂತ್ಯ ಸೊಪ್ಪು ಕಲಸಿ, ಡಬ್ಬಿಯ ಅಳತೆಗೆ ಒಂದು ಪುಟ್ಟ ರೊಟ್ಟಿ ಬಡಿದಳು. ಕರಿ ಎಳ್ಳು ಒತ್ತಿ ಎರಡು ಕಣ್ಣು, ಒಂದು ಮೂಗು, ಮೂಗಿನ ಕೆಳಗೆ ಭರ್ಜರಿ ಮೀಸೆ ಮೂಡಿಸಿದಳು. ಬ್ರಹ್ಮದೇವರೂ ಕೈಕಟ್ಟಿ ನೋಡಬೇಕು, ಹಂಚಿನ ಮೇಲೆ ಸಾಕ್ಷಾತ್ ಪುಂಡಲೀಕಪ್ಪ ಹುಟ್ಟಿ ಬಂದ! ಅವನನ್ನು ಗರಿಗರಿಯಾಗಿ ಸುಟ್ಟು, ಮಡಿಕೆ ಕಾಳಿನ ಉಸುಳಿಯ ಮೇಲೆ ಮಲಗಿಸಿ ಕಳಿಸಿದಳು.

ಸಂಜೆ ಡಬ್ಬಿ ತೆರೆದರೆ ಪುಂಡಲೀಕಪ್ಪ ಒಂದು ಚೂರೂ ಮುಕ್ಕಾಗದೆ ಮಲಗಿದ್ದ!

“ಯಾಕವ್ವಾ?” ಎಂದರೆ ಮಗಳ ಕಣ್ಣಲ್ಲಿ ನೀರು.

“ಅಪ್ಪನ್ನ ಹೆಂಗ ಮುರೀಲಿ? ಪಾಪ, ನನ್ನ ನೋಡಿ ನಗಾಕಹತ್ತಿದ್ದ.”

ಪುಂಡಲೀಕಪ್ಪ ಮಗ್ಗದಿಂದ ಎದ್ದು ಬಂದು ಮೀಸೆ ತಿರುವಿದ. “ನೋಡಿದೇನ? ನನ್ನ ಕಿಮ್ಮತ್ತು ನನ್ನ ಮಗಳಿಗೆ ಗೊತ್ತೈತಿ.”

“ನಿಮ್ಮ ಕಿಮ್ಮತ್ತು ಆಮ್ಯಾಲ ಹೇಳ್ರಿ. ಕೂಸು ಉಪಾಸ ಬಂದೈತಿ.”

“ಹಂಗಾದ್ರ ಆಕಿಗೆ ಯಾರ ಮ್ಯಾಲ ಸಿಟ್ಟೈತಿ ಕೇಳು. ಅವರ ಮಾರಿ ಮಾಡು.”

ಗುರುಸಿದ್ದವ್ವ ಕಣ್ಣೊರೆಸಿಕೊಂಡು ಥಟ್ಟನೆ ಹೇಳಿದಳು: “ಹೆಡ್‌ಮಾಸ್ತರದು!” ಹದಿಮೂರರ ಮಗ್ಗಿ ಬರಲಿಲ್ಲವೆಂದು ಅವರು ಅವಳನ್ನು ಬಾಗಿಲಲ್ಲಿ ನಿಲ್ಲಿಸಿದ್ದರು.

ಹೆಡ್‌ಮಾಸ್ತರ ಕುಬೇರಪ್ಪನವರನ್ನು ಮಾಡುವುದು ಇನ್ನೂ ಸುಲಭವಾಯಿತು. ಅವರ ತಲೆ ಬೋಳು, ರೊಟ್ಟಿಯೂ ಬೋಳು! ಎಳ್ಳಿನ ಒಂದು ಚಷ್ಮಾ ಹಾಕಿದರೆ ಮುಗಿಯಿತು. ಮರುದಿನ ಸಂಜೆ ಡಬ್ಬಿಯಲ್ಲಿ ಒಂದು ಕಾಳೂ ಉಳಿದಿರಲಿಲ್ಲ. ರಾಮವ್ವ ಖಾಲಿ ಡಬ್ಬಿಯನ್ನು ಓಣಿಗೆಲ್ಲ ತೋರಿಸಿ ಬಂದಳು.

ಅಲ್ಲಿಗೆ ನಿಲ್ಲಬೇಕಿತ್ತು. ಮರುದಿನ ಗೆಳತಿ ಸಾಬೀರಾ ಪಾಲು ಕೇಳಿದಳು, ಇಬ್ಬರು ಹೆಡ್‌ಮಾಸ್ತರರು ಹೋದರು. ಅದರ ಮರುದಿನ ಇಡೀ ವರ್ಗ ಕೇಳಿತು, ಆರು ಮಂದಿ ಹೆಡ್‌ಮಾಸ್ತರರು ಬಟ್ಟೆಯಲ್ಲಿ ಗಂಟು ಕಟ್ಟಿಸಿಕೊಂಡು ಹೊರಟರು! ಊಟದ ಗಂಟೆ ಬಾರಿಸಿದ್ದೇ ತಡ, “ನನಗ ಮೂಗು!” “ನನಗ ಚಷ್ಮಾ!” ಎಂಬ ಕಾಳಗ. ಗರಿ ರೊಟ್ಟಿ ಮುರಿಯುವ ಕಟಂ ಕಟಂ ಸದ್ದು ಆಫೀಸಿನವರೆಗೂ ಹೋಯಿತು. ಕುಬೇರಪ್ಪನವರು ಬಂದು ನೋಡುತ್ತಾರೆ, ಸಾಬೀರಾ ಅವರದೇ ಬೋಳು ತಲೆಗೆ ಹಕ್ಕರಿಕೆ ಸೊಪ್ಪಿನ ಕೂದಲು ನಾಟುತ್ತಿದ್ದಾಳೆ!

ರಾಮವ್ವನಿಗೆ ಕರೆ ಬಂತು. ಆಗಲೇ ಪುಂಡಲೀಕಪ್ಪನಿಗೆ ಮಗ್ಗದಲ್ಲಿ ಎಳೆ ಹರಿದದ್ದು ನೆನಪಾಯಿತು. ಅವಳೊಬ್ಬಳೇ ತಲೆ ತುಂಬ ಸೆರಗು ಹೊದ್ದು ಹೋದಳು. ಮಗಳ ಹೆಸರು ಶಾಲೆಯಿಂದ ತೆಗೆದರೆ ಏನು ಗತಿ?

ಮೇಜಿನ ಮೇಲೆ ಅರ್ಧ ರೊಟ್ಟಿ ಇತ್ತು. ಒಂದು ಕಿವಿ ಆಗಲೇ ಯಾರದೋ ಹೊಟ್ಟೆ ಸೇರಿತ್ತು.

“ಏನವ್ವಾ, ಇಂವ ಯಾರು?”

“ಚಂದ್ರಾಮರಿ, ಗುರುಗಳ.”

“ಚಂದ್ರಾಮಗ ಚಷ್ಮಾ ಯಾಕ?”

“ಅಂವಗೂ ವಯಸ್ಸಾತಲ್ರಿ!”

ಕುಬೇರಪ್ಪನವರ ಹೊಟ್ಟೆ ಮೊದಲು ಕುಲುಕಿತು, ನಗು ಆಮೇಲೆ ಬಂತು. ಚಂದ್ರನ ಗದ್ದ ಮುರಿದು ಬಾಯಿಗೆ ಹಾಕಿಕೊಂಡರು.

“ಮೆಂತೆಪಲ್ಲೆ ಹಾಕೀಯೇನ? ರುಚಿ ಐತಿ. ಕೂಸು ಉಂಡ್ರ ಸಾಕು, ದಿನಾ ಕಳಸು. ಆದ್ರ ನಾಳೆಯಿಂದ ಕೂದಲ ಮನ್ಯಾಗ ಹಚ್ಚಿ ಕಳಸವ್ವ.”

ರಾಮವ್ವ ಗೆದ್ದು ಬಂದಳು. ಗೆದ್ದವಳಿಗೆ ಒಂದು ಆಸೆ ಹುಟ್ಟಿತು. ಅಪ್ಪನನ್ನೇ ಮುರಿಯದ ಮಗಳು, ಹೆತ್ತವ್ವನನ್ನು ಮುರಿದಾಳೆಯೇ? ದೇವರ ಜಗಲಿಯ ಮೇಲೆ ಇಟ್ಟಾಳು! ಮರುದಿನ ತನ್ನದೇ ಮಾರಿ ಬಡಿದು, ಕಡಲೆಬೇಳೆಯ ಮೂಗುತಿ ಇಟ್ಟಳು. ಹೋಲಿಸಿ ನೋಡಲೆಂದು ಜೊತೆಗೆ ಗಂಡನನ್ನೂ ಇಟ್ಟಳು. ಹಸಿವಿಗೆ ಇಬ್ಬರು ಹೆಡ್‌ಮಾಸ್ತರರು ಇದ್ದೇ ಇದ್ದರು.

ಸಂಜೆ ಡಬ್ಬಿ ತೆರೆದಳು. ಪುಂಡಲೀಕಪ್ಪ ಮೀಸೆ ಸಮೇತ ಕ್ಷೇಮ. ರಾಮವ್ವ ಇಲ್ಲ! ಮೂಗುತಿಯೂ ಇಲ್ಲ!

“ಅಪ್ಪನ್ನ ಉಳಿಸಿ ನನ್ನ ತಿಂದೇನಲೇ?”

“ಮೊದಲ ನಿನ್ನ ತಿಂದೆ ಅವ್ವ,” ಎಂದಳು ಗುರುಸಿದ್ದವ್ವ. “ಡಬ್ಬಿ ತೆಗದ ಕೂಡ್ಲೆ ಕಣ್ಣ ಬಿಟಗೊಂಡು ‘ಉಣ್ಣ, ಉಣ್ಣ’ ಅನ್ನಾಕಹತ್ತಿದಿ. ನಿನ್ನ ಮುಗಿಸಿ, ಉಳಿದದ್ದು ಆರಾಮ ಕುಂತು ಉಂಡೆ. ಹೊಟ್ಟಿ ಗಟ್ಟಿ ತುಂಬೇತಿ ನೋಡು.”

ಮಗ್ಗದ ಕಡೆಯಿಂದ ಖೊಳ್ಳನೆ ನಗು ಕೇಳಿತು. ರಾಮವ್ವ ಮಗಳ ಹೊಟ್ಟೆಯ ಮೇಲೆ ಕೈ ಇಟ್ಟು ನೋಡಿದಳು. ಹೌದು, ತುಂಬಿತ್ತು. ನಗಬೇಕೋ ಅಳಬೇಕೋ ತಿಳಿಯದೆ ಸೆರಗಿನಿಂದ ಕಣ್ಣೊರೆಸಿಕೊಂಡಳು.

“ಹಂಗಾದ್ರ ನಾಳೆನೂ ನನ್ನ ಮಾರೀನ ಮಾಡ್ಲೇನು?”

ಮಗಳು ಸ್ವಲ್ಪ ಯೋಚಿಸಿದಳು.

“ಮಾಡು. ಆದ್ರ ಬಾಯಿ ಇಡಬ್ಯಾಡ.”