ಪ್ರೀತಿಗೆ ಚಕ್ಕುಬಂದಿ

ಚಿತ್ರಾ: ನಾನು ಕೇಳಿದ್ದು ನಾಲ್ಕು ಸಾಲು ರೀ. ನಾಲ್ಕು ಎಕರೆ ಅಲ್ಲ.

ನಾಗಭೂಷಣ: ನಾಲ್ಕು ಎಕರೆ ಕೇಳಿದ್ದಿದ್ರೆ ಇಷ್ಟೊತ್ತಿಗೆ ಬರ್ದು ಮುಗ್ಸಿರ್ತಿದ್ದೆ. ಅದಕ್ಕೆ ಸರ್ವೆ ನಂಬರ್ ಇರ್ತೈತೆ. ಪೂರ್ವಕ್ಕೆ ಇಂಥೋರ ಹೊಲ, ಪಶ್ಚಿಮಕ್ಕೆ ಬಂಡಿದಾರಿ ಅಂತ ಚಕ್ಕುಬಂದಿ ಇರ್ತೈತೆ. ಪ್ರೀತಿಗೆ ಚಕ್ಕುಬಂದಿ ಎಲ್ಲಿಂದ ತರ್ಲಿ?

ಚಿತ್ರಾ: ಪೂರ್ವಕ್ಕೆ ನಿಮ್ಮವ್ವ, ಪಶ್ಚಿಮಕ್ಕೆ ನಿಮ್ಮ ಟಿ.ವಿ. ನಡುವೆ ನಾನಿದೀನಿ. ಅಳತೆ ಮಾಡಿ ಬರೀರಿ.

ಭಾನುವಾರ ಸಂಜೆ ಐದು ಗಂಟೆ. ಮೊಳಕಾಲ್ಮೂರಿನ ಆ ಮನೆಯ ನಡುಮನೆಯಲ್ಲಿ ನಾಗಭೂಷಣ ಪೆನ್ನು ಹಿಡಿದು ಕೂತಿದ್ದ. ಪೆನ್ನು ಅವನಿಗೇನೂ ಹೊಸದಲ್ಲ. ಇಪ್ಪತ್ತೆರಡು ವರ್ಷದಿಂದ ತಾಲ್ಲೂಕು ಕಚೇರಿ ಎದುರಿನ ಬೇವಿನ ಮರದ ಕೆಳಗೆ ಮೇಜು ಹಾಕಿಕೊಂಡು ಅರ್ಜಿ ಬರೆಯುವುದೇ ಅವನ ಕಸುಬು. ವಿಧವಾ ವೇತನ, ಜಮೀನಿನ ಪೋಡಿ, ಖಾತೆ ಬದಲಾವಣೆ, ದಾಯಾದಿ ತಕರಾರು, ಅವನು ಬರೆಯದ ಕಷ್ಟವಿಲ್ಲ. ತನ್ನ ಅರ್ಜಿ ಓದಿ ಒಬ್ಬ ಸಾಹೇಬರ ಕಣ್ಣು ಒದ್ದೆಯಾಗಿತ್ತು ಎಂದು ಅವನೇ ಹೇಳಿಕೊಂಡು ತಿರುಗುತ್ತಾನೆ. ಅಂಥವನನ್ನು ಕಟ್ಟಿಕೊಂಡು ಹದಿನಾರು ವರ್ಷವಾದ ಚಿತ್ರಾ, ಅವನ ಕೈಬರಹ ಎಲ್ಲಾದರೂ ಸಿಗುತ್ತದೇನೋ ಎಂದು ಬೆಳಗಿನಿಂದ ಮನೆಯೆಲ್ಲ ಹುಡುಕಿದ್ದಳು. ಸಿಕ್ಕಿದ್ದು ಎರಡೇ ಕಡೆ. ಗ್ಯಾಸಿನ ಪುಸ್ತಕದ ಮೇಲೆ ಒಂದು ಫೋನ್ ನಂಬರು, ಡಬ್ಬಿಯೊಂದರ ಮೇಲೆ 'ಜೀರಿಗೆ'.

ಚಿತ್ರಾಗೆ ಪತ್ರ ಬೇಕಾಗಿದ್ದು ಸ್ಕ್ರಾಪ್‌ಬುಕ್ಕಿಗೆ. ಹಳೇ ಟಿಕೆಟ್ಟು, ಫೋಟೋ, ಒಣಗಿದ ಹೂವು, ಬಟ್ಟೆಯ ಚೂರು ಎಲ್ಲವನ್ನೂ ದಪ್ಪ ಪುಸ್ತಕದಲ್ಲಿ ಅಂದವಾಗಿ ಅಂಟಿಸಿ ಪಕ್ಕದಲ್ಲಿ ಎರಡು ಸಾಲು ಬರೆಯುವ ಹವ್ಯಾಸ ಅದು. ಏನು ಅಂಟಿಸುವುದು ಎಂದು ತೋಚದವರಿಗಾಗಿ ಫೋನಿನಲ್ಲಿ ಒಂದು ಗುಂಪಿತ್ತು. ಅದರ ಹೆಸರು 'ನೆನಪಿನ ಪುಟ: ಇಪ್ಪತ್ತೊಂದು ದಿನದ ಚಾಲೆಂಜ್'. ದಿನಾ ಬೆಳಿಗ್ಗೆ ಏಳಕ್ಕೆ ಬೆಂಗಳೂರಿನ ಮೇಡಂ ಒಬ್ಬರು 'ಇವತ್ತಿನ ಪ್ರೇರಣೆ' ಕಳಿಸುತ್ತಿದ್ದರು. ಸಂಜೆ ಆರರೊಳಗೆ ಪುಟ ಮಾಡಿ ಫೋಟೋ ಹಾಕಬೇಕು. ಒಂದು ದಿನ ತಪ್ಪಿದರೂ ಹೆಸರು ಕಿತ್ತುಹಾಕುತ್ತಾರೆ. ಚಿತ್ರಾ ಹತ್ತೊಂಬತ್ತು ದಿನ ದಾಟಿ ಬಂದಿದ್ದಳು. ಇವತ್ತು ಇಪ್ಪತ್ತನೆಯದು, 'ನಿಮ್ಮವರು ನಿಮಗೆ ಬರೆದ ಪತ್ರ'. ಗಂಡಸರಿಗೆ ಬರೆಯಲು ಸಮಯ ಬೇಕಾಗುತ್ತದೆಂದು ಮೇಡಂ ಗುರುವಾರವೇ ಹೇಳಿಟ್ಟಿದ್ದರು. ಮೂರು ದಿನದಿಂದ ನಾಗಭೂಷಣ ನಾಳೆ ನಾಳೆ ಎನ್ನುತ್ತ ಬಂದಿದ್ದ.

ಮೂಲೆಯಲ್ಲಿ ಎಲೆ ಅಡಿಕೆ ಹಾಕಿಕೊಳ್ಳುತ್ತಿದ್ದ ಅವನ ತಾಯಿ ಸೂರಮ್ಮನಿಗೆ ಈ ಪುಸ್ತಕದ ಮೇಲೆ ಬೇರೆಯದೇ ಸಿಟ್ಟು.

ಸೂರಮ್ಮ: ಎಂಥ ಪುಸ್ತಕನೋ ಏನೋ ಮಗ. ನನ್ನ ರೇಷ್ಮೆ ಸೀರೆ ಸೆರಗೂ ಅದರಾಗೇ ಐತೆ, ನಿಮ್ಮಪ್ಪನ ಬಸ್ ಪಾಸೂ ಅದರಾಗೇ ಐತೆ. ಗುಜರಿಯೋನು ಬಂದ್ರೆ ತೂಕಕ್ಕೆ ಹಾಕ್ಬೋದು.

ಚಿತ್ರಾ: ಸೆರಗಲ್ಲ ಅತ್ತೆ, ಸೆರಗಿನ ತುದಿ. ಅಂಗೈಯಷ್ಟಗಲ. ಅವತ್ತಿನ ಪ್ರೇರಣೆ 'ಕಥೆ ಇರುವ ಬಟ್ಟೆ' ಅಂತಿತ್ತು.

ಸೂರಮ್ಮ: ಕಥೆ ಇತ್ತು. ಈಗ ತೂತು ಐತೆ.

ನಾಗಭೂಷಣ: ಅಲ್ಲ ಕಣೆ, ಪ್ರೇರಣೆ ಅಂದ್ರೆ ತಾನಾಗೇ ಬರ್ಬೇಕು. ಏಳು ಗಂಟೆಗೆ ಹಾಲಿನ ಪ್ಯಾಕೆಟ್ ಜೊತೆ ಬರೋದು ಯಾವ ಸೀಮೆ ಪ್ರೇರಣೆ?

ಚಿತ್ರಾ: ತಾನಾಗೇ ಬರ್ಲಿ ಅಂತ ಹದಿನಾರು ವರ್ಷ ಕಾದೆ. ಬಂತಾ?

ನಾಗಭೂಷಣ ಹಾಳೆಯನ್ನು ಹತ್ತಿರಕ್ಕೆ ಎಳೆದುಕೊಂಡ. ಒಮ್ಮೆ ಶುರುವಾದರೆ ಅವನ ಕೈ ನಿಲ್ಲುವುದಿಲ್ಲ. ಎರಡು ನಿಮಿಷಕ್ಕೆ ಅರ್ಧ ಹಾಳೆ ತುಂಬಿತು. ಚಿತ್ರಾ ಆಸೆಯಿಂದ ಕಿತ್ತುಕೊಂಡು ಗಟ್ಟಿಯಾಗಿ ಓದಿದಳು.

ಚಿತ್ರಾ: 'ಶ್ರೀಮತಿ ಚಿತ್ರಾ ಕೋಂ ನಾಗಭೂಷಣ, ಮೊಳಕಾಲ್ಮೂರು ಟೌನ್, ಇವರಿಗೆ. ಮಾನ್ಯರೇ, ವಿಷಯ: ತಮ್ಮ ಮೇಲಿನ ಪ್ರೀತಿಯ ಬಗ್ಗೆ. ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ತಮ್ಮಲ್ಲಿ ವಿನಂತಿಸಿಕೊಳ್ಳುವುದೇನೆಂದರೆ, ನಾನು ದಿನಾಂಕ' ಇಲ್ಲೊಂದು ಖಾಲಿ ಜಾಗ, 'ರಂದು ತಮ್ಮನ್ನು ಮದುವೆಯಾಗಿದ್ದು, ಅಂದಿನಿಂದ ಇಂದಿನವರೆಗೂ ಯಾವುದೇ ತಂಟೆ ತಕರಾರಿಲ್ಲದೆ ತಮ್ಮ ಸ್ವಾಧೀನಾನುಭವದಲ್ಲಿರುತ್ತೇನೆ.' ಮದುವೆ ತಾರೀಖು ಯಾಕೆ ಖಾಲಿ ಬಿಟ್ರಿ?

ನಾಗಭೂಷಣ: ಅದನ್ನ ಪಾರ್ಟಿಯೋರೇ ತುಂಬ್ಕೊಬೇಕು.

ಚಿತ್ರಾ: 'ಆದ್ದರಿಂದ ದಯಮಾಡಿ ಸ್ಥಳ ಪರಿಶೀಲನೆ ನಡೆಸಿ, ನನ್ನ ಪ್ರೀತಿಯನ್ನು ದಾಖಲು ಮಾಡಿಕೊಳ್ಳಬೇಕಾಗಿ ಕೋರಿಕೆ. ಲಗತ್ತು: ಆಧಾರ್ ಪ್ರತಿ.' ಆಧಾರ್ ಪ್ರತಿ ಯಾಕ್ರೀ?

ನಾಗಭೂಷಣ: ಇಲ್ದಿದ್ರೆ ತಗೊಳ್ಳಲ್ಲ.

ಸೂರಮ್ಮ: ಚೆನ್ನಾಗೈತಲ್ಲಮ್ಮ. ಸ್ವಾಧೀನದಾಗಿದೀನಿ ಅಂತ ಒಪ್ಪಿ ಬರ್ದವನೆ. ಸಹಿ ಹಾಕಿಸ್ಕೊಂಬಿಡು.

ಚಿತ್ರಾ ಹಾಳೆಯನ್ನು ಮೇಜಿನ ಮೇಲೆ ಬಿಸಾಕಿ ಫೋನ್ ತೆಗೆದಳು. ಅವಳ ಕಿವಿ ಕೆಂಪಗಾಗಿತ್ತು. ಗಡಿಯಾರ ಐದೂಕಾಲು ತೋರಿಸುತ್ತಿತ್ತು.

ಚಿತ್ರಾ: ಗಂಡಸು ಅಂದ್ರೆ ಹೆಂಗಿರ್ಬೇಕು ಅಂತ ತೋರಿಸ್ತೀನಿ, ಕೇಳಿ. ಚಳ್ಳಕೆರೆ ಸ್ವಪ್ನ ಅಂತ, ನಮ್ಮ ಗುಂಪಿನೋಳೇ. ಅವಳ ಯಜಮಾನ್ರು ಮುತ್ತುರಾಜ್, ಎಣ್ಣೆ ಮಿಲ್ ಇಟ್ಟಿದಾರೆ. ಓದ್ಲಾ? 'ಸ್ವಪ್ನಾ, ಸಾರಿನ ರುಚಿ ನೋಡುವಾಗ ನೀನು ಎಡಗಣ್ಣನ್ನು ಅರ್ಧ ಮುಚ್ಚುತ್ತೀಯ. ಆ ಒಂದು ಗಳಿಗೆ ಮನೆಯೇ ಉಸಿರು ಬಿಗಿಹಿಡಿದು ನಿಂತಿರುತ್ತದೆ.'

ನಾಗಭೂಷಣ ಕೈಯಲ್ಲಿದ್ದ ಪೆನ್ನನ್ನು ಕೆಳಗಿಟ್ಟ. ಈ ಸಾಲು ಅವನದು. ಶುಕ್ರವಾರ ಮಧ್ಯಾಹ್ನ ಬೈಕಿನಲ್ಲಿ ಬಂದವನೊಬ್ಬ ಹೆಲ್ಮೆಟ್ ತೆಗೆಯದೆಯೇ ಅವನ ಮೇಜಿನ ಮುಂದೆ ಕೂತಿದ್ದ. ಗಾಜು ಮಾತ್ರ ಮೇಲೆತ್ತಿ, 'ಒಬ್ಬ ಸ್ನೇಹಿತನಿಗೆ ಬೇಕಿತ್ತು, ಅವನ ಹೆಂಡ್ತಿ ಹೆಸರು ಸ್ವಪ್ನ, ಏನಾದ್ರೂ ಚೆನ್ನಾಗಿರೋದು ಬರೀರಿ, ಅವನು ಕಾಪಿ ಮಾಡ್ಕೊಂತಾನೆ' ಎಂದಿದ್ದ. ಯಾವೂರು ಎಂದರೆ ಕೆಮ್ಮಿದ್ದ. ತನ್ನ ಊರಲ್ಲಿ ಬರೆಸಿದರೆ ಮಾನ ಹೋಗುತ್ತದೆಂದು ಇಷ್ಟು ದೂರ ಬಂದ ಮಹಾನುಭಾವ ಈ ಎಣ್ಣೆ ಮಿಲ್ಲಿನವನೇ ಇರಬೇಕು.

ಚಿತ್ರಾ: ಮುನ್ನೂರ ಹನ್ನೆರಡು ಹಾರ್ಟ್ ಬಂದೈತೆ. ಮೇಡಂ ಏನ್ ಹಾಕಿದಾರೆ ಗೊತ್ತಾ? 'ಇಂಥ ಕಣ್ಣಿರುವ ಗಂಡಸು ಲಕ್ಷಕ್ಕೊಬ್ಬ' ಅಂತೆ.

ಇಪ್ಪತ್ತೆರಡು ವರ್ಷದಲ್ಲಿ ಅವನ ಬರಹಕ್ಕೆ ಸಿಕ್ಕ ದೊಡ್ಡ ಮೆಚ್ಚುಗೆಯೆಂದರೆ 'ಕಡತಕ್ಕೆ ಸೇರಿಸಿ'. ಮುನ್ನೂರ ಹನ್ನೆರಡು ಹಾರ್ಟ್ ಎಂದ ಕೂಡಲೇ ಅವನ ಬೆನ್ನು ತಾನಾಗಿ ನೆಟ್ಟಗಾಯಿತು. ಹೇಳಿಕೊಳ್ಳುವಂತಿಲ್ಲ, ಹೇಳದೆ ಇರಲೂ ಆಗುತ್ತಿಲ್ಲ. ಅಡಕತ್ತರಿಗೆ ಸಿಕ್ಕ ಅಡಿಕೆಯಾದ ಪಾಪದವನು.

ಚಿತ್ರಾ: 'ಉಪ್ಪು ಸಾಕೋ ಬೇಕೋ ಎಂದು ನೀನು ತೀರ್ಮಾನಿಸುವ ತನಕ ನಾನು ಬಾಗಿಲ ಹಿಂದೆ ನಿಂತಿರುತ್ತೇನೆ. ನನ್ನ ಹಸಿವು...' ಥೂ, ಸ್ಕ್ರೀನ್ ಆಫಾಯ್ತು.

ನಾಗಭೂಷಣ: '...ನಿನ್ನ ಕಣ್ಣಿನಿಂದ ಶುರುವಾಗುತ್ತದೆ.'

ಹೇಳಿದ ಮೇಲೆ ಅವನಿಗೆ ತಾನು ಮಾಡಿದ್ದು ಗೊತ್ತಾಯಿತು. ಚಿತ್ರಾ ನಿಧಾನವಾಗಿ ಫೋನನ್ನು ಮತ್ತೆ ಬೆಳಗಿಸಿ, ಆ ಸಾಲನ್ನು ಹುಡುಕಿ, ಅಕ್ಷರ ಅಕ್ಷರಕ್ಕೂ ತಾಳೆ ನೋಡಿದಳು.

ಚಿತ್ರಾ: ನಿಮಗೆ ಹೆಂಗ್ ಗೊತ್ತು?

ನಾಗಭೂಷಣ: ಅಂದಾಜು. ಹಿಂದಿನ ಸಾಲು ಕೇಳಿದ್ರೆ ಮುಂದಿಂದು ಹೊಳೀತೈತೆ.

ಚಿತ್ರಾ: ಹಂಗಾದ್ರೆ ಅದರ ಮುಂದಿಂದೂ ಹೊಳೀಲಿ.

ತಪ್ಪು ಹೇಳಿದ್ದರೆ ಅವತ್ತು ಬಚಾವಾಗುತ್ತಿದ್ದ. ಆದರೆ ಬರೆಯುವವನ ಜಾತಿಯೇ ಹಾಳು, ತನ್ನ ಸಾಲನ್ನು ತಾನೇ ಕೆಡಿಸಲು ಮನಸ್ಸು ಬರುವುದಿಲ್ಲ. 'ಉಪ್ಪು ಹೆಚ್ಚಾದ ದಿನವೂ ನಾನು ಎರಡನೇ ಸಲ ಬಡಿಸಿಕೊಂಡಿದ್ದೇನೆ, ನೆನಪಿದೆಯಾ' ಎಂದು ಕಣ್ಣು ಮುಚ್ಚಿ, ಎಲ್ಲಿ ನಿಲ್ಲಿಸಬೇಕೋ ಅಲ್ಲಿ ನಿಲ್ಲಿಸಿ ಹೇಳಿ ಮುಗಿಸಿದ.

ಸೂರಮ್ಮ: ಸಿಕ್ಕಿಬಿದ್ದ.

ಚಿತ್ರಾ: ಊರಿಗೆ ಉಪಕಾರಿ, ಮನೆಗೆ ಮಾರಿ ಅಂತ ಕೇಳಿದ್ದೆ. ಊರವರ ಹೆಂಡ್ರಿಗೆ ಪ್ರೇಮಪತ್ರ ಬರೆಯೋ ಉಪಕಾರಿನ ಇವತ್ತೇ ನೋಡ್ತಿರೋದು.

ನಾಗಭೂಷಣ: ಆ ಹೆಣ್ಮಗಳನ್ನ ನಾನು ಕಣ್ಣಿಂದ ನೋಡಿಲ್ಲ ಕಣೆ. ಮುಖ ಗೊತ್ತಿಲ್ಲ, ದನಿ ಗೊತ್ತಿಲ್ಲ. ಅದಕ್ಕೇ ಸಲೀಸಾಗಿ ಬಂತು.

ಚಿತ್ರಾ: ಅಂದ್ರೆ ದಿನಾ ನೋಡೋಳಿಗೆ ಬರೆಯೋಕೆ ಬರಲ್ಲ.

ನಾಗಭೂಷಣ: ಹಂಗಲ್ಲ.

ಚಿತ್ರಾ: ಹೆಂಗೆ? ಅವಳ ಸಾರು ನೀವು ಉಂಡಿಲ್ಲ, ಅವಳ ಕಣ್ಣು ಕಂಡಿಲ್ಲ. ಮತ್ತೆ ಆ ಎಡಗಣ್ಣು ಎಲ್ಲಿಂದ ಬಂತು?

ನಾಗಭೂಷಣ ಮೇಲೆ ನೋಡಿದ, ಕೆಳಗೆ ನೋಡಿದ. ಫ್ಯಾನು ತಿರುಗುತ್ತಿತ್ತು. ಆಮೇಲೆ ಅವನ ಬಾಯಿಂದ ಒಂದು ಮಾತು ಬಂತು, ಅದು ನಿಜವೆಂದೇ ಆ ಹೊತ್ತಿಗೆ ಅವನು ನಂಬಿದ್ದ.

ನಾಗಭೂಷಣ: ನಿನ್ನಿಂದ. ಗೊತ್ತಿಲ್ಲದೋಳ ಬಗ್ಗೆ ಏನಂತ ಬರೀಲಿ? ಮನೇಲಿ ಕಂಡಿದ್ದೇ ಬರ್ದೆ. ಹೆಸರು ಮಾತ್ರ ಅವಳದ್ದು.

ಚಿತ್ರಾ ಸೋಫಾದ ಅಂಚಿಗೆ ಕೂತಳು. ಕಣ್ಣು ತುಂಬಿಕೊಂಡಿತು, ಅದನ್ನವಳು ಮುಚ್ಚಿಡಲೂ ಹೋಗಲಿಲ್ಲ.

ಚಿತ್ರಾ: ಬೆಳಿಗ್ಗೆಯಿಂದ ಆ ಪುಟ ನೋಡಿ ನೋಡಿ ಹೊಟ್ಟೆ ಉರಿದುಹೋಗಿತ್ತು ರೀ. ನನ್ನನ್ನೂ ಯಾರಾದ್ರೂ ಹಿಂಗೆ ನೋಡ್ಬಾರದಾ ಅಂತ. ನೋಡ್ತಿದ್ರೆ ಒಂದು ಮಾತು ಹೇಳೋಕೇನಾಗಿತ್ತು?

ನಾಗಭೂಷಣ: ಯಾರೂ ಬಂದು ಬರ್ಕೊಡು ಅಂತ ಕೇಳಿರ್ಲಿಲ್ಲ. ಈಗ ಬರ್ಕೊಡ್ತೀನಿ, ಅದನ್ನೇ. ಸ್ವಪ್ನ ತೆಗ್ದು ಚಿತ್ರಾ ಹಾಕಿದ್ರಾಯ್ತು.

ಚಿತ್ರಾ: ಆಯ್ತು ಬಿಡಿ. ಕಣ್ಣು ನನ್ನದು, ಸಾರು ನನ್ನದು, ಗಂಡ ನನ್ನೋನು. ಆದ್ರೂ ಹಾಕಿದ ತಕ್ಷಣ ಚಿತ್ರಾ ಸ್ವಪ್ನಂದು ಕಾಪಿ ಹೊಡೆದ್ಳು ಅಂತ ನನ್ನ ಹೆಸರೇ ಕೀಳ್ತಾರೆ. ನಿಜ ಏನು ಅಂತ ಗುಂಪಲ್ಲಿ ಹೇಳ್ಬಿಡ್ಲಾ?

ನಾಗಭೂಷಣ: ಬ್ಯಾಡ ತಾಯಿ. ಅರ್ಜಿ ಬರೆಯೋನ ಮನೇಲಿ ಗುಟ್ಟು ನಿಲ್ಲಲ್ಲ ಅಂತ ಆದ್ರೆ ನಾಳೆಯಿಂದ ಮೇಜು ಎತ್ತಬೇಕಾಗ್ತೈತೆ.

ಐದು ಐವತ್ತಾಯಿತು. ಹತ್ತೊಂಬತ್ತು ದಿನ ಕತ್ತರಿ ಗೋಂದು ಹಿಡಿದು ದುಡಿದದ್ದು ಹತ್ತು ನಿಮಿಷದಲ್ಲಿ ನೀರಿಗೆ ಬೀಳುವುದನ್ನು ನೋಡಲು ಚಿತ್ರಾಳಿಂದ ಆಗಲಿಲ್ಲ. ಬಿಸಾಕಿದ್ದ ಅರ್ಜಿಯನ್ನೇ ಎತ್ತಿಕೊಂಡು, ಗಂಡನ ಕೈಯಲ್ಲಿ ಸಹಿ ಹಾಕಿಸಿ, ಮದುವೆ ತಾರೀಖನ್ನು ತಾನೇ ತುಂಬಿ, ಪುಟಕ್ಕೆ ಅಂಟಿಸಿ, ಮೂಲೆಗೊಂದು ಒಣಗಿದ ಕಣಗಿಲೆ ಹೂವಿಟ್ಟು ಫೋಟೋ ಹಾಕಿದಳು. ಐದು ಐವತ್ತೆಂಟು. ಮೂವರೂ ಫೋನಿನ ಮೇಲೆ ಬಗ್ಗಿದರು. ಮೇಡಂ ಉತ್ತರ ಬಂತು.

ಚಿತ್ರಾ: 'ಅದ್ಭುತ ಚಿತ್ರಾ. ಹಳೇ ಸರ್ಕಾರಿ ಕಡತದ ಥೀಮ್. ಎಂಥ ಕಲ್ಪನೆ. ನಾಳೆ ಎಲ್ಲರೂ ಇದರಿಂದಲೇ ಪ್ರೇರಣೆ ಪಡೆಯಿರಿ.'

ಸೂರಮ್ಮ: ಅಂದ್ರೆ ನಾಳೆ ಊರೂರಿನ ಗಂಡಸ್ರು ಬೇವಿನ ಮರದ ಕೆಳಗೆ ಸಾಲು ನಿಲ್ತಾರೆ. ಹೆಲ್ಮೆಟ್ ಹಾಕ್ಕೊಂಡು.

ಚಿತ್ರಾ ನಕ್ಕಳು. ನಾಗಭೂಷಣ ಉಸಿರು ಬಿಟ್ಟು ಟಿ.ವಿ. ಹಾಕಿದ. ಅವಳು ಗುನುಗಿಕೊಂಡು ಅಡುಗೆಮನೆಗೆ ಹೋದಳು, ರಾತ್ರಿಯ ಸಾರಿಗೆ ಒಗ್ಗರಣೆ ಬಿತ್ತು, ಘಮ ನಡುಮನೆಗೂ ಬಂತು. ಒಳಗೆ ಸೌಟಿನ ಸದ್ದು ಒಮ್ಮೆ ಕೇಳಿ ನಿಂತಿತು. ಮತ್ತೊಮ್ಮೆ ಕೇಳಿತು. ಮೂರನೆಯ ಸಲವೂ ಕೇಳಿದ ಮೇಲೆ ಅವಳು ಸೌಟು ಹಿಡಿದೇ ಹೊರಗೆ ಬಂದಳು. ನಗು ಮುಖದ ಮೇಲಿರಲಿಲ್ಲ.

ಚಿತ್ರಾ: ರೀ, ನಾನು ಸಾರು ನೋಡುವಾಗ ಕಣ್ಣು ಮುಚ್ಚಲ್ಲ.

ನಾಗಭೂಷಣ: ಮುಚ್ತೀಯ. ನಿನಗೆ ಗೊತ್ತಾಗಲ್ಲ.

ಚಿತ್ರಾ: ಸ್ಟೀಲ್ ತಟ್ಟೆ ಮುಂದಿಟ್ಕೊಂಡು ಮುಖ ನೋಡ್ಕೊಂಡೇ ಮೂರು ಸಲ ರುಚಿ ನೋಡ್ದೆ. ಎರಡೂ ಬಿಟ್ಕೊಂಡೇ ಇರ್ತವೆ. ಉಪ್ಪು ಹೆಚ್ಚಾದ ದಿನ ನೀವು ಎರಡನೇ ಸಲ ಬಡಿಸ್ಕೊಂಡಿದ್ದೂ ಇಲ್ಲ, ತಟ್ಟೆ ತಳ್ಳಿ ಎದ್ದು ಹೋಗಿದೀರಿ. ಈಗ ಹೇಳಿ, ಎಡಗಣ್ಣು ಯಾರದ್ದು?

ನಾಗಭೂಷಣ ನೆನಪು ಮಾಡಿಕೊಳ್ಳಲು ಹೊರಟ. ಆ ಕಣ್ಣನ್ನು ಅವನು ನೋಡಿದ್ದಂತೂ ಸುಳ್ಳಲ್ಲ. ಬಾಗಿಲ ಹಿಂದೆ ಹಸಿದು ನಿಂತಿದ್ದೂ ಸುಳ್ಳಲ್ಲ. ಹಾಗೆ ನಿಂತಿದ್ದಾಗ ಬಾಗಿಲ ಚಿಲಕ ತನ್ನ ಕೈಗೆ ಎಟುಕುತ್ತಿರಲಿಲ್ಲ ಎಂಬುದು ಈಗ ನೆನಪಾಗಿ, ಅವನು ಮೆಲ್ಲಗೆ ಮೂಲೆಯ ಕಡೆ ತಿರುಗಿದ.

ಸೂರಮ್ಮ: ಏನೋ ಹಂಗ್ ನೋಡ್ತೀಯ? ಸೌದೆ ಒಲೆ ಹೊಗೆಯಾಗೆ ಎರಡೂ ಕಣ್ಣು ಬಿಟ್ಕೊಂಡು ಉಪ್ಪು ನೋಡೋಕಾಗ್ತಿತ್ತಾ?

ಚಿತ್ರಾ ಸೌಟನ್ನು ಇನ್ನೂ ಕೆಳಗಿಳಿಸಿರಲಿಲ್ಲ. ಸೂರಮ್ಮ ಎಲೆಗೆ ಸುಣ್ಣ ಸವರಿ, ಮಡಿಚಿ, ಬಾಯಿಗಿಟ್ಟುಕೊಂಡಳು.

ಸೂರಮ್ಮ: ಆ ಚಳ್ಳಕೆರೆ ಹುಡುಗಿಗೆ ಮಾತ್ರ ಹೇಳಬ್ಯಾಡ್ರಿ. ಅವಳಾದ್ರೂ ಖುಷಿಯಾಗಿರ್ಲಿ.