ಅಕ್ಕನ ಸೊಂಟಕ್ಕೆ ಭಾವನ ಸಸ್ಪೆನ್ಷನ್

ನಮ್ಮ ಭಾವನಿಗೆ ಒಳ್ಳೆಯ ರಸ್ತೆ ಕಂಡರೆ ಆಗುವುದಿಲ್ಲ! ತುಮಕೂರಿನಿಂದ ಗುಬ್ಬಿಗೆ ಹೆದ್ದಾರಿ ಚಾಪೆಯ ಹಾಗೆ ಹಾಸಿಕೊಂಡು ಬಿದ್ದಿದ್ದರೂ ಅವರ ಪಿಕಪ್ಪು ಗಾಡಿ ಎಲ್ಲೋ ಎಡಕ್ಕೆ ಇಳಿದು, ಹೊಲದ ಬದು, ಕೆರೆ ಕೋಡಿ, ಜಲ್ಲಿ ರಾಶಿ ಎಲ್ಲವನ್ನೂ ಮಾತಾಡಿಸಿಕೊಂಡು ಊರು ಸೇರುತ್ತದೆ. "ಏನ್ ಭಾವ, ದಾರಿ ತಪ್ತಾ?" ಅಂದರೆ, "ದಾರೀಲಿ ಯಾರ್ ಬೇಕಾದ್ರೂ ಹೋಗ್ತಾರೆ ಬುಡ್ಲಾ. ಗುಂಡಿ ಹುಡುಕ್ಕೊಂಡ್ ಹೋಗೋದು ಐತಲ್ಲ, ಅದು ಕಷ್ಟ" ಅನ್ನುತ್ತಾರೆ. ಇಂಥವರಿಗೆ ಹೆಣ್ಣು ಕೊಟ್ಟವರು ನಾವೇ. ಯಾರನ್ನು ದೂರೋಣ ಹೇಳಿ?

ಹಾಗಂತ ಅವರೇನು ರ್‍ಯಾಲಿ ಓಡಿಸುವ ಆಸಾಮಿಯಲ್ಲ. ಗುಬ್ಬಿ ಪೇಟೆಯಲ್ಲಿ ಬಟ್ಟೆ ಅಂಗಡಿ ಇಟ್ಟುಕೊಂಡು ಮೈಮುರಿದು ದುಡಿದ ಮನುಷ್ಯ. ಸೀರೆ ಮಡಿಸುವುದೊಂದು ಬಿಟ್ಟು ಬೇರೆ ಯಾವ ಸಾಹಸವನ್ನೂ ಮಾಡಿದವರಲ್ಲ. ಗುಂಡಿಯ ಹುಚ್ಚು ಹತ್ತಿದ್ದು ನನ್ನ ಅಕ್ಕನ ಸೊಂಟದಿಂದ.

ಬೆಳ್ಳಾವಿ ಕಡೆ ಅಕ್ಕನ ಪಾಲಿಗೆ ಬಂದ ಒಂದು ತುಂಡು ಜಮೀನಿದೆ. ಅಲ್ಲಿ ಅಕ್ಕ ತಾನೇ ಬೀಜ ಊರಿ, ತಾನೇ ನೀರು ಹೊತ್ತು ಹಲಸಿನ ಮರಗಳನ್ನು ಎಬ್ಬಿಸಿದಳು. ಆಮೇಲೆ ಬೆನ್ನಿನ ಡಿಸ್ಕ್ ಜಾರಿತು. ಡಾಕ್ಟರು "ಕುಲುಕಾಟ ಕೂಡದು, ಮೆಟ್ಟಿಲು ಹತ್ತಿ ಇಳಿಯೋದು ಕಮ್ಮಿ ಮಾಡಿ" ಅಂದುಬಿಟ್ಟರು. ಜಮೀನಿಗೆ ಹೋಗಬೇಕಾದರೆ ಬಂಡೆಗಲ್ಲು ತುಂಬಿದ ಒಂದು ಹಳ್ಳ ದಾಟಬೇಕು. ಅಲ್ಲಿ ಕಾರು ಇಳಿಯುವುದಿಲ್ಲ, ಪಿಕಪ್ಪಿನಲ್ಲಿ ಕೂತರೆ ಅಕ್ಕನ ಪ್ರಾಣ ಬಾಯಿಗೆ ಬರುತ್ತದೆ. ಕುರ್ಚಿ ಮೇಲೆ ಕೂರಿಸಿ ಹೊತ್ತುಕೊಂಡು ಹೋಗೋಣ ಅಂದಿದ್ದಕ್ಕೆ, "ನಾನೇನ್ ಉತ್ಸವಮೂರ್ತೀನಾ?" ಅಂತ ಬೈದಳು. ಹೀಗಿರುವಾಗ ಈ ವರ್ಷ ಆ ಮರಗಳು ಮೊದಲ ಸಲ ಕಾಯಿ ಬಿಟ್ಟವು. ಭಾವ ಫೋನಿನಲ್ಲಿ ಫೋಟೋ ಹಿಡಿದು ತಂದು ತೋರಿಸಿದರು. ಅಕ್ಕ ಬಹಳ ಹೊತ್ತು ನೋಡಿದಳು. "ಫೋಟೋ ತಟ್ಟಿ ನೋಡಿದ್ರೆ ಹಣ್ಣಾಗೈತೋ ಇಲ್ವೋ ಗೊತ್ತಾಯ್ತದೇನ್ರೀ?" ಅಂತ ಕೇಳಿ ಒಳಗೆ ಹೋದಳು.

ಅಷ್ಟೇ! ಅವತ್ತಿನಿಂದ ಭಾವ ಭಾವನಾಗಿ ಉಳಿಯಲಿಲ್ಲ. ಯಾವ ದೇಶದ್ದೋ ಯಾವ ಭಾಷೆಯದ್ದೋ ವಿಡಿಯೋಗಳನ್ನು ಅಂಗಡಿ ಗಲ್ಲಾದ ಮೇಲಿಟ್ಟುಕೊಂಡು ನೋಡತೊಡಗಿದರು. ಮರಳುಗಾಡಿನಲ್ಲಿ ಪಿಕಪ್ಪುಗಳು ಕಪ್ಪೆಯ ಹಾಗೆ ಹಾರುತ್ತಿದ್ದವು. ಇವರು ಕೆಳಗಿನ ಚಕ್ರವನ್ನೇ ನೋಡುತ್ತಿದ್ದರು. "ನೋಡ್ಲಾ, ಚಕ್ರ ಗುಂಡಿಗೆ ಇಳೀತದೆ, ಮೇಲೆ ಕೂತೋನು ಇಳಿಯಲ್ಲ! ಲಾಂಗ್ ಟ್ರಾವೆಲ್ ಸಸ್ಪೆನ್ಷನ್ ಅಂತಾರೆ ಇದನ್ನ. ಚಕ್ರಕ್ಕೆ ಕೈಕಾಲು ಚಾಚೋಕೆ ಜಾಗ ಕೊಡೋದು, ಅಷ್ಟೇಯ." ಸೀರೆ ಕೇಳಲು ಬಂದ ಹೆಂಗಸರಿಗೂ ಇದೇ ಪಾಠ. ಒಬ್ಬಾಕೆ ರವಿಕೆ ಪೀಸು ತಗೊಂಡು ಹೋಗುವಾಗ ಶಾಕ್ ಅಬ್ಸಾರ್ಬರ್ ಬಗ್ಗೆ ಒಂದೆರಡು ಅನುಮಾನ ಪರಿಹರಿಸಿಕೊಂಡು ಹೋದದ್ದನ್ನು ನಾನೇ ಕಣ್ಣಾರೆ ಕಂಡಿದ್ದೇನೆ.

ತಮ್ಮ ಪಿಕಪ್ಪಿಗೂ ಅಂಥದ್ದೇ ಹಾಕಿಸಬೇಕೆಂದು, ಸಾಮಾನು ಆರಿಸಲು ತುಮಕೂರಿನ ಗ್ಯಾರೇಜಿಗೆ ನನ್ನನ್ನೂ ಕರೆದುಕೊಂಡು ಹೋದರು. ಗ್ಯಾರೇಜಿನ ಭಾಯ್ ಬಹಳ ಮರ್ಯಾದಸ್ಥರು, ಒಂದು ಸ್ಪ್ರಿಂಗ್ ತಂದು ಮುಂದಿಟ್ಟರು. ಭಾವ ಚಪ್ಪಲಿ ಬಿಟ್ಟು ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತರು! "ಇದ್ರಲ್ಲೇ ಸ್ವಲ್ಪ ಮೆತ್ಗಿರೋದು ತೋರ್ಸಿ." ತೋರಿಸಿದರು. "ಇದ್ರಲ್ಲೇ ಇನ್ನೊಂಚೂರು ಉದ್ದ?" ಅದೂ ಬಂತು. "ಆ ಮೇಲ್ಗಡೆ ಇಟ್ಟಿದೀರಲ್ಲ, ನೀಲಿದು, ಅದನ್ನ ಇಳಿಸಿ." ಗ್ಯಾರೇಜಿನಲ್ಲಿದ್ದ ಅಷ್ಟೂ ಸ್ಪ್ರಿಂಗು, ಅಷ್ಟೂ ಕಮಾನು ಪ್ಲೇಟು, ಅಷ್ಟೂ ಶಾಕ್ ಅಬ್ಸಾರ್ಬರು ನೆಲದ ಮೇಲೆ ಹರಡಿಕೊಂಡವು. ಭಾವ ಒಂದನ್ನು ಹೆಬ್ಬೆರಳಿನಲ್ಲಿ ಸವರಿದರು. ಇನ್ನೊಂದನ್ನು ಹೊರಗೆ ಬಿಸಿಲಿಗೆ ಒಯ್ದು ತಿರುಗಿಸಿ ನೋಡಿದರು. ಬಿಸಿಲಲ್ಲಿ ಸ್ಪ್ರಿಂಗಿನ ಬಣ್ಣ ಬೇರೆ ಕಾಣುತ್ತದೆಯೇ? ದೇವರೇ ಬಲ್ಲ.

ಭಾಯ್ ಬೆವರು ಒರೆಸಿಕೊಂಡು, "ಸ್ವಾಮಿ, ಇದು ಸೀರೆ ಅಲ್ಲ" ಅಂದರು.

"ಸೀರೆ ಆಗಿದ್ರೆ ಇಷ್ಟೊತ್ತು ಯಾಕ್ರೀ ಬೇಕು? ಉಟ್ಕೊಳ್ಳೋರು ಬೇಡ ಅಂದ್ರೆ ವಾಪಸ್ ತಗೊಳ್ತೀನಿ. ಇದನ್ನ ಹಾಕ್ಕೊಂಡು ನಮ್ಮನೆಯೋಳ ಸೊಂಟ ನೊಂದ್ರೆ ಏನ್ ವಾಪಸ್ ಕೊಡ್ತೀರಿ?"

ಭಾಯ್ ಚಹಾ ತರಿಸಿದರು. ಕುಡಿದು ಮುಗಿಸಿ ಭಾವ ಎದ್ದು ನಿಂತು, ಇಡೀ ಗುಬ್ಬಿ ತಾಲ್ಲೂಕಿನ ಹೆಂಗಸರು ಅಷ್ಟು ವರ್ಷ ತಮ್ಮ ಅಂಗಡಿಯಲ್ಲಿ ಆಡಿದ್ದ ಮಾತನ್ನು ತಾವೂ ಆಡಿಬಿಟ್ಟರು: "ಚೆನ್ನಾಗವೆ. ಇನ್ನೊಂದ್ ಕಡೆ ನೋಡ್ಕೊಂಡ್ ಬರ್ತೀವಿ."

ಇನ್ನೊಂದು ಕಡೆ ಅಂದರೆ ಕುಣಿಗಲ್! ಅಲ್ಲೊಬ್ಬ ಹುಡುಗ ಇಂಥದೇ ಪಿಕಪ್ಪಿಗೆ ರೇಸಿನ ಸಸ್ಪೆನ್ಷನ್ ಹಾಕಿಸಿದ್ದಾನೆ ಅಂತ ಸುದ್ದಿ ಸಿಕ್ಕಿತ್ತು. ಮಾರ್ಕೋನಹಳ್ಳಿ ಹಿನ್ನೀರಿನ ಪಕ್ಕ, ನೀರು ಹಿಂದಕ್ಕೆ ಸರಿದು ಬಿರುಕು ಬಿಟ್ಟ ನೆಲದಲ್ಲಿ ಅವನ ಸವಾರಿ. ಭಾವ ತಾವು ಹತ್ತಲಿಲ್ಲ. ಅಕ್ಕ ಕೂರುವ ದಿಂಬು ತಂದಿದ್ದರು, ಅದನ್ನು ಸೀಟಿಗಿಟ್ಟು ನನ್ನನ್ನು ಕೂರಿಸಿದರು. "ನೀನೂ ಅವಳೂ ಒಂದೇ ಹೊಟ್ಟೇಲಿ ಹುಟ್ಟಿದೋರು. ಸೊಂಟದ ಮೂಳೆ ಒಂದೇ ಥರ ಇರ್ತದೆ. ಕೂತ್ಕೊ." ಆಮೇಲೆ ನನ್ನನ್ನು ಮೇಲಿಂದ ಕೆಳಗೆ ಅಳೆದು, ನನ್ನ ತೊಡೆಯ ಮೇಲೆ ಒಂದು ಅಕ್ಕಿ ಮೂಟೆ ಇಟ್ಟರು. "ತೂಕ ಸರಿ ಹೋಗ್ಬೇಕಲ್ಲ. ಈ ಮೂಟೆ ವಿಷ್ಯ ಮಾತ್ರ ನಿಮ್ಮಕ್ಕನ್ ಹತ್ರ ಬಾಯ್ಬಿಟ್ಯೋ, ನೋಡು ಮತ್ತೆ!"

ಆ ಹುಡುಗ ಗಾಡಿಯನ್ನು ಹಾರಿಸಿದ. ನಾನು ಹಾರಿದೆ, ಮೂಟೆ ಹಾರಿತು, ಇಳಿಯುವಾಗ ಮೂಟೆ ನನ್ನ ಮೇಲೇ ಇಳಿಯಿತು. ಆದರೂ ಆಶ್ಚರ್ಯ, ಸೊಂಟಕ್ಕೆ ಪೆಟ್ಟೇ ಬೀಳಲಿಲ್ಲ! "ಸೂಪರ್ ಭಾವ, ಇದನ್ನೇ ಹಾಕ್ಸಿ" ಅಂತ ಕೂಗಿದೆ. ಭಾವ ಹುಡುಗನ ಕಡೆ ತಿರುಗಿ, "ನಿಧಾನಕ್ಕೆ ಹೋದ್ರೆ ಹೆಂಗಿರ್ತದಪ್ಪಾ?" ಅಂತ ಕೇಳಿದರು. ಅವನು ತಬ್ಬಿಬ್ಬಾದ. ನಿಧಾನಕ್ಕೆ ಯಾರು ಹೋಗುತ್ತಾರೆ? ಆ ಪ್ರಶ್ನೆ ಅವನಿಗೆ ಯಾರೂ ಹಾಕಿರಲಿಲ್ಲ. ಒತ್ತಾಯಕ್ಕೆ ನಿಧಾನವಾಗಿ ಕಲ್ಲುಗಳ ಮೇಲೆ ನಡೆಸಿದ. ಅಯ್ಯಪ್ಪಾ! ಒಂದೊಂದು ಕಲ್ಲೂ ನನ್ನ ಬೆನ್ನಿಗೆ ತನ್ನ ಹೆಸರು ಹೇಳಿ ಪರಿಚಯ ಮಾಡಿಕೊಂಡಿತು. "ನೋಡಿದ್ಯಾ," ಅಂದರು ಭಾವ, "ಇದು ಹಾರೋರಿಗೆ ಮಾಡಿದ್ದು. ನಿಮ್ಮಕ್ಕ ಹಾರಲ್ಲ."

ನಾನು ಅಕ್ಕಿ ಮೂಟೆ ತಬ್ಬಿಕೊಂಡು ಆ ಮನುಷ್ಯನನ್ನು ಕಣ್ಣು ಕಣ್ಣು ಬಿಟ್ಟು ನೋಡಿದೆ. ನಿಜ ಹೇಳುತ್ತೇನೆ, ಅವತ್ತು ನನಗೆ ಭಾವನ ಬಗ್ಗೆ ಒಂಥರಾ ಭಯಭಕ್ತಿ ಹುಟ್ಟಿತು.

ಕೊನೆಗೆ ತುಮಕೂರಿನ ಭಾಯ್ ಹತ್ತಿರವೇ ವಾಪಸ್ ಹೋಗಿ, ಮೊಟ್ಟಮೊದಲು ತೋರಿಸಿದ್ದಕ್ಕಿಂತ ಉದ್ದದ, ಎಲ್ಲಕ್ಕಿಂತ ಮೆತ್ತಗಿನ ಸ್ಪ್ರಿಂಗು, ಅದಕ್ಕೆ ಒಪ್ಪುವ ಉದ್ದನೆಯ ಶಾಕ್ ಅಬ್ಸಾರ್ಬರು ಆರಿಸಿದರು. ಹಿಂಚಕ್ರದ ಕಮಾನು ಪ್ಲೇಟುಗಳನ್ನೂ ಮೆತ್ತಗಿನವಕ್ಕೆ ಬದಲಾಯಿಸಿದರು. ಭಾಯ್‌ಗೂ ಈಗ ಹಠ ಹತ್ತಿತ್ತು. ತಾವೇ ದಿಂಬಿನ ಮೇಲೆ ಕೂತು, ಮಣ್ಣುದಾರಿಯಲ್ಲಿ ಹೋಗಿ ಬಂದು, "ತೊಟ್ಲು ಸ್ವಾಮಿ, ತೊಟ್ಲು!" ಅಂತ ಸರ್ಟಿಫಿಕೇಟು ಕೊಟ್ಟರು.

ಭಾನುವಾರ ಬೆಳಿಗ್ಗೆ ಪಿಕಪ್ಪು ಮನೆ ಮುಂದೆ ಬಂದು ನಿಂತಿತು. ಅಕ್ಕ ಹೊಸ ಸೀರೆ ಉಟ್ಟು, ಹೂವು ಮುಡಿದು, ಎತ್ತರದ ಜಗಲಿಯ ಮೆಟ್ಟಿಲುಗಳನ್ನು ಕಷ್ಟಪಟ್ಟು ಇಳಿದು ಬೀದಿಗೆ ಬಂದಳು. ಬಾಗಿಲು ತೆಗೆದ ಮೇಲೇ ನಮಗೆಲ್ಲ ಎಡವಟ್ಟು ಕಂಡದ್ದು. ಉದ್ದನೆಯ ಸ್ಪ್ರಿಂಗಿನ ಮೇಲೆ ಗಾಡಿ ಆನೆಯ ಹಾಗೆ ಎದ್ದು ನಿಂತಿತ್ತು! ಕಾಲಿಡುವ ಜಾಗ ಅಕ್ಕನ ಸೊಂಟದ ಹತ್ತಿರಕ್ಕೆ ಬಂದಿತ್ತು. ಬಾಳೆಲ್ಲ ಹೆಂಗಸರಿಗೆ ಸೀರೆಯ ಉದ್ದ ಅಳೆದು ಕೊಟ್ಟ ಮನುಷ್ಯ, ಹೆಂಡತಿ ಎಷ್ಟು ಎತ್ತರಕ್ಕೆ ಕಾಲೆತ್ತಬಲ್ಲಳು ಅನ್ನುವುದೊಂದನ್ನು ಅಳೆಯಲು ಮರೆತಿದ್ದರು.

ಸ್ಟೂಲು ತಂದೆವು. ಅಕ್ಕ ಕಾಲೆತ್ತಿದಳು, ಸೊಂಟ ಹಿಡಿದುಕೊಂಡಿತು, ತುಟಿ ಕಚ್ಚಿ ಕಾಲಿಳಿಸಿದಳು. "ಬುಡಿ, ನೀವೇ ಹೋಗಿ ಕಿತ್ಕೊಂಡ್ ಬನ್ನಿ" ಅಂದು, ಒಂದೊಂದೇ ಮೆಟ್ಟಿಲು ಹತ್ತಿ ಮತ್ತೆ ಜಗಲಿಗೆ ಹೋದಳು. ಎದುರು ಮನೆಯವರು ನಗಬೇಕೆಂದಿದ್ದವರು ನಗಲಿಲ್ಲ.

ಭಾವ ಜಗಲಿಯ ಮೇಲಿದ್ದ ಅಕ್ಕನನ್ನು ನೋಡಿದರು, ಗಾಡಿಯನ್ನು ನೋಡಿದರು. ಹತ್ತಿ ಎಂಜಿನ್ ಚಾಲೂ ಮಾಡಿದರು. ಮನೆಗೂ ಬೀದಿಗೂ ಮಧ್ಯೆ ಚರಂಡಿ, ಅದರ ಪಕ್ಕ ಅಡ್ಡಾದಿಡ್ಡಿ ಎದ್ದ ಚಪ್ಪಡಿಕಲ್ಲು. ಪಿಕಪ್ಪು ಅದರೊಳಕ್ಕೇ ಇಳಿಯಿತು! ಒಂದು ಚಕ್ರ ಚರಂಡಿಗೆ ಚಾಚಿಕೊಂಡಿತು, ಇನ್ನೊಂದು ಚಪ್ಪಡಿಯ ಮೇಲೆ ಮಡಚಿಕೊಂಡಿತು, ಮೇಲಿನ ಗಾಡಿ ಮಾತ್ರ ಏನೂ ಆಗದವರ ಹಾಗೆ ಇಷ್ಟಿಷ್ಟೇ ಸರಿದು ಬಂದು ಜಗಲಿಗೆ ಆತುಕೊಂಡು ನಿಂತಿತು. ಬಾಗಿಲು ತೆಗೆದರೆ ಜಗಲಿ ಮತ್ತು ಗಾಡಿಯ ನೆಲ ಸಮಸಮ! ಅಕ್ಕ ಹಜಾರದಿಂದ ಅಡುಗೆಮನೆಗೆ ಹೋಗುವಷ್ಟು ಸಲೀಸಾಗಿ ನಡೆದು ಒಳಗೆ ಹೋಗಿ ಕೂತಳು. ಬೀದಿಯಲ್ಲಿದ್ದವರೆಲ್ಲ ಚಪ್ಪಾಳೆ ಹೊಡೆದರು. ನಾನು ಹಿಂದೆ, ಸಾಮಾನು ಹಾಕುವ ಜಾಗದಲ್ಲಿ ನಿಂತುಕೊಂಡೆ.

ಹಳ್ಳ ಬಂತು. ನಾನು ಹಿಂದಿನ ಕಿಟಕಿಯಿಂದ ಅಕ್ಕನ ತಲೆಯನ್ನೇ ನೋಡುತ್ತಿದ್ದೆ. ಭಾವ ಇರುವೆಯ ನಡಿಗೆಯಲ್ಲಿ ಗಾಡಿ ಬಿಟ್ಟರು. ಚಕ್ರಗಳು ಬಂಡೆಗಳ ಮೇಲೆ ಏಳುತ್ತ ಬೀಳುತ್ತ ಒದ್ದಾಡಿದವು, ಅಕ್ಕನ ಮುಡಿಯ ಹೂವು ಸುಮ್ಮನೆ ತೂಗಿತು. ಹಾಗೇ ಹಳ್ಳ ದಾಟಿಬಿಟ್ಟೆವು.

ಮರದ ಬುಡಕ್ಕೇ ಹೋಗಿ ಗಾಡಿ ನಿಲ್ಲಿಸಿದರು. ಅಕ್ಕ ಇಳಿಯುವ ಹಾಗಿರಲಿಲ್ಲ, ಇಳಿಯಬೇಕಾಗಿಯೂ ಬರಲಿಲ್ಲ. ಅಷ್ಟೆತ್ತರದ ಕಿಟಕಿಯ ಪಕ್ಕದಲ್ಲೇ ಮೊದಲ ಕಾಯಿ ತೂಗುತ್ತಿತ್ತು. ಅಕ್ಕ ಕೈ ಹೊರಗೆ ಹಾಕಿ ಅದರ ಮುಳ್ಳು ಸವರಿದಳು, ತಟ್ಟಿದಳು, ಕಿವಿಗೊಟ್ಟಳು. "ಇನ್ನೂ ಹಣ್ಣಾಗಿಲ್ಲ. ಬಲೀಬೇಕು" ಅಂದಳು.

ಇಷ್ಟೆಲ್ಲ ಮಾಡಿ ಬಂದರೆ ಕಾಯಿ! ನನಗೆ ಅಳು ಬರುವಂತಾಯಿತು.

"ಹಂಗಾದ್ರೆ ಇನ್ನೊಂದ್ಸಲ ಬರ್ಬೇಕಾಯ್ತದೆ" ಅಂದರು ಭಾವ, ಸ್ಟೀರಿಂಗ್ ಕಡೆ ನೋಡಿಕೊಂಡು. ಅಕ್ಕ ಏನು ಹೇಳುತ್ತಾಳೋ ಅನ್ನುವ ಭಯ ಅವರ ದನಿಯಲ್ಲಿತ್ತು.

ಅಕ್ಕ ಕೈ ಒಳಗೆ ತೆಗೆದುಕೊಂಡು, ಕಾಯಿ ತಟ್ಟಿದಷ್ಟೇ ಮೆತ್ತಗೆ ಅವರ ಬೆನ್ನು ತಟ್ಟಿದಳು.

"ಬರೋಣ. ಒಂಚೂರೂ ನೋವಾಗ್ಲಿಲ್ಲ ಕಣ್ರೀ."

ಭಾವ ತಲೆಯನ್ನು ಸ್ಟೀರಿಂಗ್ ಮೇಲಿಟ್ಟು ಮಗುವಿನ ಹಾಗೆ ಅತ್ತುಬಿಟ್ಟರು.